ವಿಮಾನ ಹತ್ತಿದ ಕಲ್ಲು

ಮೂವರಾಗಿ ಒಂದು ಕೆಲಸಕ್ಕೆ ಹೊರಡುವುದೆಂದರೆ ಮುನಿಗಂಗಮ್ಮನಿಗೆ ಸುತರಾಂ ಆಗದು. ಅವಳೂರು ಗೌನಿಪಲ್ಲಿಯ ಕಡೆ ಯಾರಿಗೂ ಆಗದು ಅನ್ನಿ, ಆದರೆ ಬೇರೆಯವರು ಗೊಣಗಿಕೊಂಡಾದರೂ ಹೊರಟುಬಿಡುವ ಕಡೆ ಈಕೆ ಕಾಲೂರಿ ನಿಂತುಬಿಡುವವಳು. ಮೂವರು ಹೋದರೆ ಹೋದ ಕೆಲಸ ಕೆಡುತ್ತದೆ, ನಾಲ್ಕನೆಯವರೊಬ್ಬರು ಬೇಕು. ಯಾರೂ ಸಿಗದಿದ್ದರೆ ಅಂಗಳದಿಂದ ಒಂದು ಕಲ್ಲು ಎತ್ತಿ ಜೊತೆಗಿಟ್ಟುಕೊಂಡರೂ ಆಯಿತು. ಆ ಕಲ್ಲೇ ನಾಲ್ಕನೆಯವನು.

ಆ ಬೆಳಿಗ್ಗೆಯೂ ಅಷ್ಟೇ. ಹೊರಡುವ ಅವಸರದಲ್ಲೂ ಕಾರು ಹತ್ತುವ ಮುಂಚೆ ಬಗ್ಗಿ ಒಂದು ಕಲ್ಲು ಹುಡುಕಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಕಾರಿನಲ್ಲಿದ್ದವರು ಮೂವರು: ಓಡಿಸಲು ಮಗ ಉಮೇಶ್, ಅವನ ಪಕ್ಕ ಮಗಳು ಅನಿತ, ಹಿಂದಿನ ಸೀಟಿನಲ್ಲಿ ಮುನಿಗಂಗಮ್ಮ.

ಕೊರೊನಾ ಬಂದ ವರ್ಷದ ಜೂನ್ ತಿಂಗಳು. ಎರಡು ತಿಂಗಳು ನೆಲ ಹಿಡಿದು ಕೂತಿದ್ದ ವಿಮಾನಗಳು ಮತ್ತೆ ಹಾರಲು ಶುರುಮಾಡಿ ಹತ್ತು ದಿನವೂ ಆಗಿರಲಿಲ್ಲ. ಮುನಿಗಂಗಮ್ಮನ ತಮ್ಮ ವೆಂಕಟ್ ಶ್ರೀನಿವಾಸಪುರದ ಮಂಡಿಯಿಂದ ಮಾವು ಹೇರಿಕೊಂಡು ಹೋದ ಲಾರಿ ಹಿಂದಿನ ದಿನ ನಾಗಪುರದ ಹೊರಗೆ ಮಗುಚಿಬಿದ್ದಿತ್ತು. ತೊಡೆಯ ಮೂಳೆ ಎರಡು ಕಡೆ ಮುರಿದು, ಮೈಯ ರಕ್ತವೆಲ್ಲ ಹರಿದುಹೋಗಿತ್ತು. ಕೊಡೋಣವೆಂದರೆ ಅವನದು ಬಾಂಬೆ ಗ್ರೂಪ್. ಹತ್ತು ಸಾವಿರದಲ್ಲಿ ಒಬ್ಬರಿಗೆ ಇದ್ದರೆ ಹೆಚ್ಚು, ಅಂಥ ರಕ್ತ. ಇಡೀ ನಾಗಪುರ ಜಾಲಾಡಿದರೂ ಒಂದು ಬಾಟಲಿ ಸಿಕ್ಕಿರಲಿಲ್ಲ.

ಆ ರಕ್ತ ಇದ್ದದ್ದು ಮುನಿಗಂಗಮ್ಮನ ಮೈಯಲ್ಲಿ. ಹನ್ನೆರಡು ವರ್ಷದ ಹಿಂದೆ ಕೋಲಾರದಲ್ಲಿ ಅವಳಿಗೆ ಗರ್ಭಕೋಶದ ಆಪರೇಷನ್ ಆದಾಗ, ಡಾಕ್ಟರು ಕೈಚೆಲ್ಲಿ ಕೂತಿದ್ದಾಗ, ಅಂಗಿಯ ತೋಳು ಮಡಚಿಕೊಂಡು ಬಂದು ಮಲಗಿದವನು ಇದೇ ವೆಂಕಟ್. ಅವಳು ಬದುಕಿದ್ದು ಅವನ ರಕ್ತದಿಂದ.

ಫೋನಿನಲ್ಲಿ ನಾಗಪುರದ ಡಾಕ್ಟರು ಹಿಂದಿಯಲ್ಲಿ ಹೇಳಿದ್ದನ್ನು ಅನಿತ ಅಮ್ಮನಿಗೆ ಕನ್ನಡದಲ್ಲಿ ಹೇಳಿದ್ದಳು. ಅವಳು ಮುಳಬಾಗಿಲಿನ ಹೈಸ್ಕೂಲಿನಲ್ಲಿ ಹಿಂದಿ ಟೀಚರು. "ಸಂಜೆ ಆರರೊಳಗೆ ರಕ್ತ ಸಿಗ್ಬೇಕಂತೆ. ಇಲ್ಲಿ ತೆಗೆದು ಕಳಿಸೋಕೆ ಈಗಿನ ಪರಿಸ್ಥಿತೀಲಿ ಎರಡು ದಿನ ಆಗುತ್ತೆ, ಮನುಷ್ಯರೇ ಬನ್ನಿ ಅಂದ್ರು." ಆಮೇಲೆ ದನಿ ತಗ್ಗಿಸಿ ಇನ್ನೊಂದನ್ನೂ ಹೇಳಿದ್ದಳು. "ಮಾಮನೇ ಅಂದ್ನಂತೆ, ನಮ್ಮಕ್ಕಂದೂ ಇದೇ ರಕ್ತ, ಆದ್ರೆ ಅವಳನ್ನ ಕೇಳ್ಬೇಡಿ ಅಂತ. ಡಾಕ್ಟ್ರು ಲಾರಿ ಓನರ್ ಹತ್ರ ನಂಬರ್ ಇಸ್ಕೊಂಡಿದ್ದಾರೆ."

ಕೇಳಬೇಡಿ ಅಂದನಂತೆ! ಆ ಮಾತು ದೇವನಹಳ್ಳಿಯವರೆಗೂ ಮುನಿಗಂಗಮ್ಮನನ್ನು ಚುಚ್ಚುತ್ತಲೇ ಇತ್ತು. ಒಂಬತ್ತು ವರ್ಷದಿಂದ ತಮ್ಮ ಅವಳ ಹೊಸ್ತಿಲು ತುಳಿದಿರಲಿಲ್ಲ. ಅನಿತಳನ್ನು ಸೋದರಮಾವನಿಗೆ ಕೊಡದೆ ಮುಳಬಾಗಿಲಿಗೆ ಕೊಟ್ಟರು, ಅದಕ್ಕೇ ಮುನಿಸು ಅಂತ ಊರೆಲ್ಲ ತೀರ್ಮಾನ ಮಾಡಿಬಿಟ್ಟಿತ್ತು. ನಿಜವಾದ ಕಾರಣ ಏನೆಂದು ಮುನಿಗಂಗಮ್ಮನೊಬ್ಬಳಿಗೇ ಗೊತ್ತಿತ್ತು, ಅದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ವಿಮಾನ ನಿಲ್ದಾಣದ ಬಾಗಿಲಲ್ಲೇ ಉಮೇಶನನ್ನು ತಡೆದರು. ಟಿಕೆಟ್ ಇದ್ದವರಿಗೆ ಮಾತ್ರ ಒಳಗೆ. ಅವನು ಹಿಂದೆ ಸರಿದದ್ದೇ ಮುನಿಗಂಗಮ್ಮ ಸೆರಗಿನ ಗಂಟು ಬಿಚ್ಚಿ ಕಲ್ಲನ್ನು ರಸ್ತೆಯ ಪಕ್ಕಕ್ಕೆ ಎಸೆದಳು. ಈಗ ಉಳಿದವರು ಇಬ್ಬರು. ಕಲ್ಲು ಜೊತೆಗಿದ್ದರೆ ಮೂರಾಗಿಬಿಡುತ್ತದೆ.

"ಸದ್ಯ, ಆ ಪೋಲೀಸ್ನೋರು ನೋಡೋ ಮುಂಚೆ ಬಿಸಾಕ್ದೆ," ಎಂದಳು ಅನಿತ.

ಅಷ್ಟು ದೊಡ್ಡ ಕಟ್ಟಡ ಮದುವೆ ಮುಗಿದ ಮಾರನೇ ದಿನದ ಛತ್ರದ ಹಾಗೆ ಬಿಕೋ ಎನ್ನುತ್ತಿತ್ತು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಮಾಸ್ಕು, ಅದರ ಮೇಲೆ ಪ್ಲಾಸ್ಟಿಕ್ ಪರದೆ ಹಾಕಿಕೊಂಡು ಮುನಿಗಂಗಮ್ಮನಿಗೆ ತನ್ನ ಉಸಿರೇ ತನಗೆ ಬಿಸಿಯಾಗಿ ತಾಗುತ್ತಿತ್ತು. ನಾಗಪುರದ ಗೇಟಿನ ಮುಂದೆ ಒಬ್ಬನೇ ಒಬ್ಬ ದಪ್ಪನೆಯ ಮನುಷ್ಯ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅನಿತ ಕೌಂಟರಿನ ಹುಡುಗಿಯ ಹತ್ತಿರ ವಿಚಾರಿಸಿಕೊಂಡು ಬಂದಳು.

"ಇಡೀ ವಿಮಾನಕ್ಕೆ ನಾವು ಮೂವರೇ ಅಂತೆ ಕಣಮ್ಮ."

ಮುನಿಗಂಗಮ್ಮ ದಿಗ್ಗನೆ ಎದ್ದಳು. "ಮೂವರೇ?"

"ಪೈಲಟ್ ಇರ್ತಾರೆ, ಏರ್ ಹೋಸ್ಟೆಸ್ ಇರ್ತಾರೆ..."

"ಅವ್ರು ಅವ್ರ ಕೆಲಸಕ್ಕೆ ಹೋಗೋರು. ಬಸ್ ಡ್ರೈವರನ್ನ ಯಾರಾದ್ರೂ ಸೇರಿಸ್ಕೊಳ್ತಾರೇನೇ? ಕಲ್ಲು ಬೇಕು. ಕಲ್ಲಿಲ್ದೆ ನಾನು ಹತ್ತಲ್ಲ."

ಗಾಜು, ಉಕ್ಕು, ಕನ್ನಡಿಯಂಥ ನೆಲ. ಆ ಅರಮನೆಯಲ್ಲಿ ಕಲ್ಲೆಲ್ಲಿಂದ ಬರಬೇಕು? ಗೇಟಿನ ಹುಡುಗಿ ಕೈ ಬೀಸಿ ಕರೆಯುತ್ತಿದ್ದಳು. ಅನಿತ ಬೇಡಿಕೊಂಡಳು, ಬೈದಳು, ಆರು ಗಂಟೆಯ ಮಾತು ನೆನಪಿಸಿದಳು. ಮುನಿಗಂಗಮ್ಮನಿಗೆ ಅದು ಮರೆತಿದ್ದರೆ ತಾನೇ? ಮರೆಯದ್ದಕ್ಕೇ ಅವಳು ಅಷ್ಟು ಹೆದರಿದ್ದಳು. ಕೊನೆಗೆ ಕಂಬದ ಪಕ್ಕದ ಹೂಕುಂಡ ಕಣ್ಣಿಗೆ ಬಿತ್ತು. ಅದರ ಮಣ್ಣಿನ ಮೇಲೆ ಅಂದಕ್ಕೆಂದು ಬಿಳಿಯ ಕಲ್ಲುಗಳನ್ನು ಹರಡಿದ್ದರು. ಓಡಿಹೋಗಿ ಒಂದನ್ನು ಎತ್ತಿ ಸೆರಗಿಗೆ ಕಟ್ಟಿದಳು. ಮಗಳು ತಲೆತಗ್ಗಿಸಿಕೊಂಡು ಅವಳ ಹಿಂದೆ ನಡೆದಳು.

ವಿಮಾನದ ಒಳಗೆ ಸಾಲುಸಾಲು ಸೀಟುಗಳು, ಒಂದರಲ್ಲೂ ತಲೆಯಿಲ್ಲ. ಬಿಳಿಯ ಗೌನು ತೊಟ್ಟ ಗಗನಸಖಿ ಮೂವರನ್ನೂ ನಡುವಿನ ಸಾಲುಗಳಿಗೆ ಕರೆತಂದು ಕೂರಿಸಿದಳು. ತೂಕ ಒಂದೇ ಕಡೆ ಬೀಳಬಾರದಂತೆ. ಮುನಿಗಂಗಮ್ಮನಿಗೆ ಅದು ಅರ್ಥವಾಯಿತು. ಅರ್ಧ ಲೋಡಿದ್ದಾಗ ವೆಂಕಟನೂ ಮಾವಿನ ಕ್ರೇಟುಗಳನ್ನು ಲಾರಿಯ ನಡುವಿಗೇ ಜೋಡಿಸುತ್ತಿದ್ದ.

ಬಾಗಿಲು ಮುಚ್ಚಬೇಕು, ಅಷ್ಟರಲ್ಲಿ ಆ ದಪ್ಪನೆಯ ಮನುಷ್ಯ ಎದ್ದು ನಿಂತ. ಹಿಂದೆ ನೋಡಿದ, ಮುಂದೆ ನೋಡಿದ. ಗಗನಸಖಿಯ ಜೊತೆ ಹಿಂದಿಯಲ್ಲಿ ಜೋರಾಗಿ ಏನೋ ಹೇಳಿ ಕೈಚೀಲ ಎತ್ತಿಕೊಂಡ.

"ಏನಂತೆ ಅವನ್ಗೆ?"

"ನೂರು ಸಲ ಹಾರಿದ್ದೀನಿ, ಇಂಥ ಖಾಲಿ ವಿಮಾನ ನೋಡಿಲ್ಲ, ಎದೆ ಹೊಡ್ಕೊಳ್ತಿದೆ, ಇಳಿಸಿ ಅಂತಿದ್ದಾನೆ," ಎಂದಳು ಅನಿತ. ಅವಳ ದನಿಯೂ ಸಣ್ಣಗಾಗಿತ್ತು.

ಅವನು ಇಳಿದೇ ಹೋದ. ಗಗನಸಖಿ ಗೋಡೆಯ ಫೋನು ಎತ್ತಿ ಪೈಲಟ್ ಹತ್ತಿರ ಮಾತಾಡಿದಳು. ಇಬ್ಬರಿಗೋಸ್ಕರ ಇಷ್ಟು ದೊಡ್ಡ ವಿಮಾನ ಹಾರುತ್ತದೆಯೇ? ಅನಿತ ಮತ್ತೆ ಮತ್ತೆ ಗಡಿಯಾರ ನೋಡತೊಡಗಿದಳು. ಐದು ನಿಮಿಷ ಹೋಯಿತು, ಹತ್ತು ಹೋಯಿತು. ಮುನಿಗಂಗಮ್ಮ ಊರಿನ ಗಂಗಮ್ಮನಿಂದ ಹಿಡಿದು ಕೋಲಾರಮ್ಮನವರೆಗೆ ಎಲ್ಲರಿಗೂ ಕೈಮುಗಿದಳು. ಆಮೇಲೆ ಬಾಗಿಲು ಧಡ್ ಎಂದು ಮುಚ್ಚಿತು. ನಾಗಪುರದಲ್ಲಿ ನಲವತ್ತು ಜನ ಬೆಂಗಳೂರಿಗೆ ಬರಲು ಕಾಯುತ್ತಿದ್ದಾರೆ, ಅವರಿಗಾಗಿಯಾದರೂ ಹೋಗಲೇಬೇಕು ಎಂದು ಗಗನಸಖಿ ಹೇಳಿದಳು.

ಮುನಿಗಂಗಮ್ಮ ಉಸಿರು ಬಿಟ್ಟಳು. ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು. ಸೆರಗಿನ ಗಂಟು ಕೈಗೆ ತಗುಲಿತ್ತು.

"ಅನಿತಾ, ಬಾಗಿಲು ತೆಗಿಸೇ!"

"ಯಾಕಮ್ಮ?"

"ಅವನು ಇಳ್ದುಬಿಟ್ಟ. ಈಗ ನಾವಿಬ್ರು. ಕಲ್ಲು ಸೇರಿ ಮೂರಾಯ್ತು!"

"ಅಯ್ಯೋ, ಆ ಖಾಲಿ ಸೀಟ್ ಮೇಲೆ ಇಟ್ಬಿಡು."

"ಎಲ್ಲಿಟ್ರೂ ನಮ್ಜೊತೇನೇ ಬರುತ್ತಲ್ಲೇ! ಕಿಟಕಿನಾದ್ರೂ ತೆಗಿಸು."

ಅನಿತ ಅಮ್ಮನ ತೋಳನ್ನು ಹಿಡಿದು ಕೂರಿಸಿದಳು. "ಸುಮ್ನೆ ಕೂತ್ಕೋ. ಈಗ ಬಾಗಿಲು ತೆಗಿಸಿದ್ರೆ ಮಾಮ ಸಾಯ್ತಾನೆ. ಗೊತ್ತಾಯ್ತಾ?"

ಅಷ್ಟು ಒರಟಾಗಿ ಮಗಳು ಎಂದೂ ಮಾತಾಡಿರಲಿಲ್ಲ. ವಿಮಾನ ಓಡಿತು, ಎದ್ದಿತು. ನೆಲ ಕಾಲಕೆಳಗಿಂದ ಹೋದದ್ದು ಮುನಿಗಂಗಮ್ಮನಿಗೆ ಗೊತ್ತೇ ಆಗಲಿಲ್ಲ. ಅವಳ ಗಮನವೆಲ್ಲ ಮುಷ್ಟಿಯಲ್ಲಿದ್ದ ಕಲ್ಲಿನ ಮೇಲಿತ್ತು.

ಒಂದೂವರೆ ಗಂಟೆ ಹೇಗೋ ಕಳೆಯಿತು. ಇನ್ನೇನು ಇಳಿಯಬೇಕು ಎನ್ನುವಾಗ ವಿಮಾನ ಅಲ್ಲಾಡತೊಡಗಿತು. ಕಿಟಕಿಯ ಹೊರಗೆ ಮೋಡ ಮಸಿಯ ಹಾಗೆ ಕಪ್ಪಾಗಿತ್ತು. ಖಾಲಿ ಸೀಟುಗಳೆಲ್ಲ ಒಟ್ಟಿಗೆ ಗಡಗಡ ಎಂದವು. ಪೈಲಟ್ ಏನೋ ಹೇಳಿದ. ಅನಿತ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಹೇಳೇ."

"ನಾಗಪುರದಲ್ಲಿ ಗುಡುಗು ಮಳೆಯಂತೆ. ಮೇಲೇ ಸುತ್ತುಹಾಕ್ತಿರ್ತಾರಂತೆ. ಅರ್ಧ ಗಂಟೇಲಿ ನಿಲ್ದಿದ್ರೆ ಹೈದರಾಬಾದಿಗೆ ತಿರುಗಿಸ್ತಾರಂತೆ."

ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು. ಹೈದರಾಬಾದಿಗೆ ಹೋದರೆ ಆರರೊಳಗೆ ನಾಗಪುರದ ಮಾತೇ ಇಲ್ಲ. ವಿಮಾನ ಒಂದು ಸುತ್ತು ಹೊಡೆಯಿತು, ಇನ್ನೊಂದು ಹೊಡೆಯಿತು. ಕೆಳಗೆ ಎಲ್ಲೋ ತಮ್ಮ ಮಲಗಿದ್ದಾನೆ, ಅವನಿಗೆ ಬೇಕಾದ್ದು ತನ್ನ ಮೈಯಲ್ಲಿದೆ, ಆದರೂ ಕೊಡಲಾಗದೆ ಸುತ್ತುತ್ತಿದ್ದೇನೆ ಎಂದುಕೊಂಡ ಮುನಿಗಂಗಮ್ಮ ಮುಷ್ಟಿಯಲ್ಲಿದ್ದ ಗಂಟನ್ನು ನೋಡಿಕೊಂಡಳು.

"ಎಲ್ಲಾ ಈ ಕಲ್ಲಿಂದ," ಎಂದಳು. "ಅವತ್ತೂ ಕಲ್ಲೇ, ಇವತ್ತೂ ಕಲ್ಲೇ. ನಿನ್ನ ಮಾಮ ಮನೆ ಬಿಟ್ಟಿದ್ದು ನಿನ್ನ ಕೊಡ್ಲಿಲ್ಲ ಅಂತಲ್ಲ ಕಣೇ."

ಒಂಬತ್ತು ವರ್ಷ ಬಚ್ಚಿಟ್ಟದ್ದು ಆಗ ಹೊರಗೆ ಬಂತು. ಮುಳಬಾಗಿಲಿಗೆ ಅನಿತಳ ಮದುವೆಯ ಮಾತುಕತೆಗೆ ಹೊರಟ ದಿನ. ಹೊರಟವರು ಮೂವರು: ಮುನಿಗಂಗಮ್ಮ, ಗಂಡ ಕೋದಂಡರಾಮಪ್ಪ, ಭಾವ ಸೊಣ್ಣಪ್ಪ. ವೆಂಕಟ್ ಬೆಳಿಗ್ಗೆ ಆರಕ್ಕೇ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಗಂಡಿನ ಮನೆಗೆಂದು ಒಂದು ಬುಟ್ಟಿ ಬಾದಾಮಿ ಮಾವು ಹಿಡಿದು ಗೇಟಿನ ಹತ್ತಿರ ನಿಂತಿದ್ದ. ನಾಲ್ಕನೆಯವನು ನಾನಿದ್ದೀನಲ್ಲಕ್ಕ ಅಂದಿದ್ದ. ಹಕ್ಕಿನ ಸೋದರಮಾವ, ಇನ್ನೂ ಮದುವೆಯಾಗದವನು, ಗಂಡಿನ ಮನೆಯಲ್ಲಿ ಮುಖ ಊದಿಸಿಕೊಂಡು ಕೂತರೆ ಸಂಬಂಧ ಮುರಿದೀತು ಎಂದು ಅಕ್ಕನಿಗೆ ಭಯ.

"ಬರಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ. ಅವನ ಕಣ್ಮುಂದೇನೇ ಬಗ್ಗಿ ಕಲ್ಲೆತ್ಕೊಂಡೆ. ನನಗೆ ರಕ್ತ ಕೊಟ್ಟು ಮೂರು ವರ್ಷ ಆಗಿತ್ತು ಕಣೇ ಅಷ್ಟೇ. ಅವನು ಆ ಕಲ್ಲನ್ನ ನೋಡ್ದ. ಬುಟ್ಟಿ ಕೆಳಗಿಟ್ಟ. ಹೊರಟುಹೋದ."

ಅನಿತ ಅಮ್ಮನ ಕಡೆಗೆ ತಿರುಗಿದಳು. ಅವಳ ಕಣ್ಣು ತುಂಬಿತ್ತು, ದನಿಯಲ್ಲಿ ಸಿಟ್ಟಿತ್ತು. "ಹಿಂದಿನ ದಿನ ಮಾಮ ಕಾಲೇಜ್ ಹತ್ರ ಬಂದಿದ್ದ. ನಾನು ಎತ್ತಿ ಆಡಿಸಿದ ಮಗು ನೀನು, ನಿನ್ನ ಕಟ್ಕೊಳ್ಳೋ ಯೋಚನೆ ನನಗೆ ಯಾವತ್ತೂ ಇರ್ಲಿಲ್ಲ, ಗಂಡಿನೋರ್ಗೆ ನಾನೇ ಬಾಯ್ಬಿಟ್ಟು ಹೇಳ್ಬಿಡ್ತೀನಿ, ಆಮೇಲೆ ಯಾರೂ ಮಾತಾಡಲ್ಲ ಅಂದ. ಅದಕ್ಕೇ ಕಣಮ್ಮ ಅವನು ಬಿಳಿ ಅಂಗಿ ಹಾಕ್ಕೊಂಡು ಬಂದಿದ್ದು. ಅವನು ಮುಳಬಾಗಿಲಿಗೆ ಬರ್ದೇ ಇದ್ದಾಗ ಮನಸ್ಸು ಬದಲಾಯಿಸ್ದ ಅಂದ್ಕೊಂಡು ನಾನೂ ಸುಮ್ನಾಗ್ಬಿಟ್ಟೆ."

ಮುನಿಗಂಗಮ್ಮ ಪ್ಲಾಸ್ಟಿಕ್ ಪರದೆಯ ಒಳಗೇ ಬಿಕ್ಕಿದಳು. ಕಣ್ಣೊರೆಸಿಕೊಳ್ಳಲೂ ಅದು ಬಿಡಲಿಲ್ಲ. ವಿಮಾನ ಒಮ್ಮೆ ಕೆಳಕ್ಕೆ ಜಾರಿತು, ಅನಿತ ಚೀರಿ ಅಮ್ಮನ ಕೈ ಹಿಡಿದಳು. ಆ ಕೈಯೊಳಗೆ ಕಲ್ಲಿತ್ತು.

"ಎಣಿಸು," ಎಂದಳು ಮುನಿಗಂಗಮ್ಮ.

"ಏನನ್ನ?"

"ನೀನು, ನಾನು, ಕಲ್ಲು. ನನ್ನ ತಮ್ಮ. ನಾಲ್ಕು."

"ಮಾಮ ಇಲ್ಲಿಲ್ವಲ್ಲಮ್ಮ."

"ಇದ್ದಾನೆ. ಅವನ ರಕ್ತ ನನ್ನೊಳಗಿಲ್ವೇನೇ? ಅವತ್ತು ಸೇರಿಸ್ಕೊಳ್ಳಲಿಲ್ಲ, ಇವತ್ತು ಸೇರಿಸ್ಕೊಂಡಿದ್ದೀನಿ. ನಾಲ್ಕು ಜನ ಹೋಗ್ತಿದ್ದೀವಿ."

ಅನಿತ ಸುಮ್ಮನೆ ತಲೆಯಾಡಿಸಿದಳು. ಇನ್ನೂ ಎರಡು ಸುತ್ತು ಹೊಡೆದ ಮೇಲೆ ಪೈಲಟ್ ಮತ್ತೆ ಮಾತಾಡಿದ. ಮಳೆ ಸರಿದಿತ್ತು. ನಾಲ್ಕೂ ಇಪ್ಪತ್ತಕ್ಕೆ ಚಕ್ರಗಳು ಒದ್ದೆ ನೆಲ ಮುಟ್ಟಿದವು.

ಆಸ್ಪತ್ರೆಯವರೇ ಆಂಬುಲೆನ್ಸ್ ಕಳಿಸಿದ್ದರು. ಆರಕ್ಕೆ ಹತ್ತು ನಿಮಿಷ ಇದ್ದಾಗ ಮುನಿಗಂಗಮ್ಮನ ರಕ್ತದ ಚೀಲವನ್ನು ನರ್ಸೊಬ್ಬಳು ಎರಡೂ ಕೈಯಲ್ಲಿ ಹಿಡಿದು ಆಪರೇಷನ್ ಕೋಣೆಗೆ ಓಡಿದಳು.

ಮಾರನೇ ದಿನ ಮಧ್ಯಾಹ್ನ ಒಬ್ಬರನ್ನು ಮಾತ್ರ ಒಳಗೆ ಬಿಟ್ಟರು. ವೆಂಕಟನ ಕಾಲಿಗೆ ಸೊಂಟದವರೆಗೆ ಬ್ಯಾಂಡೇಜು, ಮುಖ ಸುಣ್ಣದ ಗೋಡೆ. ಅರ್ಧ ನರೆತ ಗಡ್ಡ ನೋಡಿ ಅಕ್ಕನಿಗೆ ಒಂಬತ್ತು ವರ್ಷ ಎಷ್ಟು ಉದ್ದ ಅನ್ನುವುದು ಗೊತ್ತಾಯಿತು.

"ಯಾರು?" ಎಂದ ಅವನು, ಮಾಸ್ಕು ಪರದೆಗಳ ಹಿಂದಿನ ಮುಖ ಗುರುತು ಸಿಗದೆ.

"ನಾನು ಕಣೋ. ಅಕ್ಕ."

ಅವನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಮುನಿಗಂಗಮ್ಮ ಮಂಚದ ಕಂಬಿ ಹಿಡಿದು ನಿಂತೇ ಇದ್ದಳು. ಹೊರಗೆ ಹೋಗು ಅಂದರೆ ಹೋಗಬೇಕು, ಇನ್ನೇನು ಮಾಡಲಿಕ್ಕಾಗುತ್ತದೆ ಎಂದುಕೊಂಡಳು. ಆಗ ಗೋಡೆಯ ಕಡೆಯಿಂದಲೇ ದನಿ ಬಂತು.

"ಎಷ್ಟು ಜನ ಬಂದ್ರಿ?"

"ಇಬ್ರೇ. ನಾನು, ಅನಿತ."

"ಕಲ್ಲು?"

 ಗಂಟು ಬಿಚ್ಚಿ ಬಿಳಿಯ ಕಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದಳು. "ತಪ್ಪಾಯ್ತು ಕಣೋ ವೆಂಕಟಾ. ನೀನು ನಿಂತಿದ್ದಾಗ ನಾನು ಕಲ್ಲೆತ್ಕೋಬಾರ್ದಾಗಿತ್ತು. ಈಗ್ಲೇ ಬಿಸಾಕ್ತೀನಿ. ಇನ್ನು ನನ್ನ ಜೀವ ಇರೋವರ್ಗೂ ಕಲ್ಲು ಮುಟ್ಟಲ್ಲ." ಕಿಟಕಿಯ ಹತ್ತಿರ ಹೋಗಿ ಚಿಲಕಕ್ಕೆ ಕೈ ಹಾಕಿದಳು.

"ಅಕ್ಕಾ."

ಅವಳು ತಿರುಗಿದಳು. ಅವನು ಇವಳ ಕಡೆಗೆ ನೋಡುತ್ತಿದ್ದ.

"ಬಿಸಾಕ್ಬೇಡ, ಇಟ್ಕೋ. ವಾಪಸ್ ಹೋಗೋವಾಗ ಮೂರು ಜನ ಆಗ್ತೀವಲ್ಲ."

ಮುನಿಗಂಗಮ್ಮ ಕಲ್ಲನ್ನು ಮತ್ತೆ ಸೆರಗಿಗೆ ಕಟ್ಟಿ, ಬಿಚ್ಚಿಹೋಗದ ಹಾಗೆ ಎರಡು ಗಂಟು ಹಾಕಿದಳು.