ಅವರ ಮನೆಯಲ್ಲಿ ನಮ್ಮ ಬ್ರೌಸರ್

ನನ್ನ ಕೈಗೇ ಏನೋ ಆಗಿದೆಯೆಂಬ ಅಳುಕು. ನಮ್ಮದೇ ಬ್ರೌಸರಿನಲ್ಲಿ ಬರೆಯುತ್ತಿದ್ದ ಪುಟವನ್ನು ಇವತ್ತೂ ಕಳೆದುಕೊಂಡೆ. ‘ಮುಚ್ಚಲೇ?’ ಎಂದು ಅದು ಕೇಳಿದಾಗ ‘ಬೇಡ’ ಒತ್ತಲು ಹೋಗಿ ‘ಮುಚ್ಚು’ ಒತ್ತಿಬಿಟ್ಟಿದ್ದೆ. ಪರೀಕ್ಷಿಸುವ ಕೆಲಸಕ್ಕೆ ಸೇರಿದವಳೇ ಹೀಗೆ ಮಾಡಿದರೆ ಯಾವ ಬಾಯಲ್ಲಿ ಹೇಳಲಿ?

ಎದುರಾಳಿ ಕಂಪನಿಯ ಆಪರೇಟಿಂಗ್ ಸಿಸ್ಟಮಿಗೆ ನಮ್ಮ ಬ್ರೌಸರನ್ನು ಒಯ್ಯುವ ತಂಡದಲ್ಲಿ ನಾನೇ ಕಿರಿಯಳು. ಮುಖ್ಯಸ್ಥೆಯನ್ನು ಎಲ್ಲರೂ ಅಕ್ಕ ಎನ್ನುತ್ತೇವೆ. ಮೊದಲ ದಿನವೇ ಅವರು ನಮ್ಮ ಕಂಪ್ಯೂಟರುಗಳನ್ನು ಬೀರುವಿನಲ್ಲಿಟ್ಟು ಬೀಗ ಜಡಿದು, ಎದುರಾಳಿಯ ಯಂತ್ರಗಳನ್ನು ಮೇಜಿಗೆ ತರಿಸಿದ್ದರು.

"ಬೇರೆಯವರ ಮನೇಲಿ ನಮ್ಮ ಅಡುಗೆಮನೆ ಹುಡುಕಬಾರದು ಕಣ್ರೋ," ಅಂದಿದ್ದರು.

ಆ ಯಂತ್ರದಲ್ಲಿ ಅಕ್ಷರಗಳು ಹೇಗೆ ಕಾಣುತ್ತವೋ ನಮ್ಮಲ್ಲೂ ಹಾಗೇ ಕಾಣಬೇಕೆಂದು, ಮುಗಿದಿದ್ದ ಕೆಲಸವನ್ನೇ ಅವರು ಕೆಡವಿ ಮತ್ತೆ ಕಟ್ಟಿದರು. ಮೌಸ್ ಮುಟ್ಟುವವರೇ ಅಲ್ಲ; ಕೀಲಿಮಣೆಯ ಮೇಲೆ ಅವರ ಬೆರಳು ಓಡುವುದನ್ನು ನೋಡುತ್ತ ನಾನು ಚಹಾ ತಣ್ಣಗಾಗಲು ಬಿಟ್ಟದ್ದುಂಟು.

"ಬೀಗದ ಕೈ ಕೊಡಿ ಅಕ್ಕಾ, ಇದರಲ್ಲಿ ಕೈಕಾಲು ಕಟ್ಟಿಹಾಕಿದ ಹಾಗಿದೆ," ಎಂದು ತಂಡದ ಗಡ್ಡದವನು ಗೋಗರೆದು ತನ್ನ ಹಳೆಯ ಯಂತ್ರಕ್ಕೆ ಮರಳಿದ. ಒಬ್ಬೊಬ್ಬರಾಗಿ ಉಳಿದವರೂ ಮರಳಿದರು; ಎದುರಾಳಿಯ ಯಂತ್ರವನ್ನು ಪರೀಕ್ಷೆಗಷ್ಟೇ ಮುಟ್ಟುತ್ತಿದ್ದರು. ಬೀಗದ ಕೈ ಕೇಳಲು ಸಂಕೋಚವಾಗಿ ನಾನು ಮಾತ್ರ ಅದರಲ್ಲೇ ಉಳಿದೆ.

ಬಿಡುಗಡೆಗೆ ಮುನ್ನ ಸಭೆ. ತಪ್ಪೇನಿದೆ ಎಂದು ಅಕ್ಕ ಯಾವತ್ತೂ ಕೇಳುವುದಿಲ್ಲ. "ಎಲ್ಲಿ ಕೈ ತಡವರಿಸ್ತು, ಹೇಳಿ."

"ಎಲ್ಲೂ ಇಲ್ಲ. ನೀರು ಕುಡಿದಷ್ಟು ಸಲೀಸು," ಎಂದ ಗಡ್ಡದವನು. "ಇನ್ನಾದ್ರೂ ಅದನ್ನ ಹೊರಗೆ ಬಿಡಿ ಅಕ್ಕಾ, ಪಾಪ!"

ಎಲ್ಲರೂ ನಕ್ಕರು. ಅಕ್ಕ ಗೋಡೆಯ ಪರದೆಯಲ್ಲಿ ಎದುರಾಳಿಯದೇ ಒಂದು ಪ್ರೋಗ್ರಾಮನ್ನು ಮುಚ್ಚಲು ಹೋದಾಗ ಅದೇ ಪ್ರಶ್ನೆ ಮೂಡಿತು. ‘ಬೇಡ’ ಎಡಕ್ಕೆ, ‘ಮುಚ್ಚು’ ಬಲಕ್ಕೆ. ನಮ್ಮ ಬ್ರೌಸರಿನಲ್ಲಿ, ನಮ್ಮ ಹಳೆಯ ಯಂತ್ರಗಳಲ್ಲಿದ್ದ ಹಾಗೇ, ಅದು ಉಲ್ಟಾ. ನನ್ನ ಕೈ ಆ ಯಂತ್ರದ ರೂಢಿಯನ್ನು ಕಲಿತುಬಿಟ್ಟಿತ್ತು, ಅಷ್ಟೆ. ಅದನ್ನೇ ದಿನವೂ ಬಳಸುವವರೆಲ್ಲ ನನ್ನಂತೆಯೇ ಎಡಕ್ಕೆ ಒತ್ತುತ್ತಾರೆ, ಬರೆದದ್ದನ್ನು ಕಳೆದುಕೊಂಡು ಅಕ್ಕನ ಕೆಲಸವನ್ನೇ ಬೈಯುತ್ತಾರೆ.

ಅಕ್ಕನ ನೋಟ ನನ್ನನ್ನು ದಾಟಿ ಹೋಯಿತು.

"ಹಾಗಾದ್ರೆ ಬಿಡೋಣ್ವಾ?"

"ಬೇಡ ಅಕ್ಕಾ." ಎಲ್ಲರೂ ತಿರುಗಿದರು. "ಮುಚ್ಚೋ ಗುಂಡಿ ಇರಬೇಕಾದ ಕಡೆ ಇಲ್ಲ. ನಾನು ಬರೆದಿದ್ದು ದಿನಾ ಹೋಗ್ತಿದೆ."