ಒಂದೇ ಸೆಲ್ ಅಳೀರಿ ಸರ್

ಅಪ್ಪನ ಜನಾಜಾ ಹೊತ್ತವರು ಹೆಗಲು ಬದಲಾಯಿಸುವಾಗ ನಾಸಿರ್‌ಗೆ ಪಕ್ಕದಲ್ಲೇ ಅಶ್ವತ್ಥ್ ಕಂಡರು. ಯಲಹಂಕದ ಕಾಲೇಜಿನಲ್ಲಿ ಅವರು ವಿಭಾಗದ ಮುಖ್ಯಸ್ಥರು, ಅವನ ಅಪ್ಪ ಹಬೀಬುಲ್ಲಾ ಅಲ್ಲೇ ಲ್ಯಾಬ್ ಟೆಕ್ನಿಷಿಯನ್ ಆಗಿದ್ದರು. ಹತ್ತು ವರ್ಷ ಕರೆದರೂ ಮನೆಗೆ ಬಾರದವರು ಈಗ ಹೆಗಲು ಕೊಡಲು ಬಂದಿದ್ದರು.

"ಹುಷಾರು ನಾಸಿರ್," ಹಳೇ ಅಟೆಂಡರ್ ಮುನಿರಾಜು ಗೊಣಗಿದ. "ಸಾಹೇಬ್ರನ್ನ ನೋಡಿ ನಿಮ್ಮಪ್ಪ ಎದ್ದು ಕೂತು ಮೀಟರ್ ಕೇಳ್ಬಿಡ್ತಾರೆ."

*

ಗಾಜಿನ ಮೇಲೆ ಕೂದಲಿಗಿಂತ ತೆಳ್ಳಗೆ ಬಳಿದ ಸೋಲಾರ್ ಸೆಲ್. ಬಿಸಿಲು ಎಷ್ಟೇ ಇರಲಿ, ಅಂಥದ್ದೊಂದು 0.9 ವೋಲ್ಟ್ ದಾಟುವಂತಿಲ್ಲ ಅನ್ನುವುದು ಪುಸ್ತಕದ ಲೆಕ್ಕ. ಹತ್ತು ವರ್ಷದ ಹಿಂದೆ ಒಂದು ದಿನ ಅಶ್ವತ್ಥ್ ಲ್ಯಾಬಿನಲ್ಲಿ ಮೀಟರ್ 1.16 ತೋರಿಸಿತು. ಅಶ್ವತ್ಥ್ ಪತ್ರಿಕೆಯವರನ್ನು ಕರೆಸಿ ಲಡ್ಡು ಹಂಚಿದರು.

"ಸರ್, ಗಾಜಿನ ಮೇಲೆ ಎರಡು ಸೆಲ್ ಇದೆ. ಮಧ್ಯದ ಗೆರೆ ಹತ್ರ ಎರಡೂ ಕೈ ಹಿಡ್ಕೊಂಡಿವೆ. ಇದು ಇಬ್ಬರ ವೋಲ್ಟೇಜು. ಒಂದನ್ನೇ ಇನ್ನೊಂದ್ಸಲ ಅಳೆಯೋಣ."

"ಲಡ್ಡು ತಗೊಳ್ರೀ ಹಬೀಬ್."

ಹೊರಗಿನಿಂದ ಬಂದ ತಜ್ಞರೆದುರೂ ಹಬೀಬುಲ್ಲಾ ಅದನ್ನೇ ಹೇಳಿದರು. ಮರುವಾರವೇ ಅವರನ್ನು ಸ್ಟೋರ್‌ರೂಮಿಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಕೂತು ಗಾಜಿನ ಬೀಕರು ಒರೆಸಿದರು. ಕಸಕ್ಕೆ ಬಿದ್ದ ಆ ಗಾಜನ್ನು ಮನೆಗೆ ತಂದು, ಒಂದೇ ಸೆಲ್‌ಗೆ ಎರಡು ವೈರ್ ಬೆಸೆದಿಟ್ಟರು. ಪ್ರತಿ ಹಬ್ಬಕ್ಕೂ ಅಶ್ವತ್ಥ್‌ಗೆ ಫೋನು. ಬಿರಿಯಾನಿಗೆ ಬನ್ನಿ ಸರ್, ಹಾಗೇ ಒಂದ್ಸಲ ಅಳೆದು ನೋಡಿ. ಅಲ್ಲಿಂದ ಪ್ರತಿ ಸಲವೂ, ನೋಡೋಣ.

*

ಖಬರಸ್ತಾನದಲ್ಲಿ ನಮಾಜಿಗೆ ಮೊದಲು, ಪದ್ಧತಿಯಂತೆ ನಾಸಿರ್ ಎಲ್ಲರೆದುರು ನಿಂತ.

"ನಮ್ಮ ಅಬ್ಬಾ ಯಾರಿಗಾದ್ರೂ ಮಾತಿನಿಂದ ನೋವು ಮಾಡಿದ್ರೆ ಮಾಫ್ ಮಾಡ್ಬಿಡಿ."

ಜನ ಮೆಲ್ಲಗೆ ಮಾಫ್ ಅಂದರು. ಅಶ್ವತ್ಥ್ ದನಿ ಹಿಂದಿನಿಂದ ಗಟ್ಟಿಯಾಗಿ ಬಂತು. "ನಾನಂತೂ ಯಾವತ್ತೋ ಕ್ಷಮಿಸಿದೀನಪ್ಪ."

ನಾಸಿರ್‌ಗೆ ನಮಾಜಿನುದ್ದಕ್ಕೂ ಅದೊಂದೇ ಮಾತು ಕಿವಿಯಲ್ಲಿ. ಮಣ್ಣು ಹಾಕಿ ಮುಗಿದದ್ದೇ, ಕೈ ಕೂಡ ತೊಳೆಯದೆ ಸ್ಕೂಟರಿನಿಂದ ಚೀಲ ತಂದ. ಅಮ್ಮ ತಾಹೆರಾ ಬೆಳಿಗ್ಗೆಯೇ ಗಾಜು, ಮೀಟರ್ ಹಾಕಿಕೊಟ್ಟಿದ್ದಳು. ಇವತ್ತಾದರೂ ಅವರು ಬರುತ್ತಾರೆ ಅಂದಿದ್ದಳು.

"ಒಂದೇ ಸೆಲ್ ಸರ್. ನೀವೇ ಹಿಡೀರಿ. ಅಬ್ಬಾ ಕೇಳಿದ್ದು ಇಷ್ಟೇ."

ನೆರೆದವರೆಲ್ಲ ನೋಡುತ್ತಿದ್ದರು. ಅಶ್ವತ್ಥ್ ಗಾಜನ್ನು ಬಿಸಿಲಿಗೊಡ್ಡಿದರು.

"0.58," ಮುನಿರಾಜು ಮೀಟರ್ ನೋಡಿ ಓದಿದ. 1.16ರ ಸರಿಯಾಗಿ ಅರ್ಧ.

ಅಶ್ವತ್ಥ್ ತಲೆಗೆ ಕಟ್ಟಿದ್ದ ಕರ್ಚೀಫು ಬಿಚ್ಚಿ ಗಾಜು ಒರೆಸಿದರು.

"0.58."

ಬೇವಿನ ನೆರಳು ತಾಗಿದೆಯೇನೋ ಎಂದು ಎರಡು ಹೆಜ್ಜೆ ಸರಿದು, ಹೊಸ ಗೋರಿಯ ಅಂಚಿನಲ್ಲಿ ನಿಂತು, ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಮುನಿರಾಜು ವೈರ್ ಹಿಡಿದು ಹಿಂದೆಯೇ ಹೋದ. ಈ ಸಲ ಅವನು ಮೀಟರನ್ನೇ ಅವರ ಮುಖದ ಕಡೆ ತಿರುಗಿಸಿ ಹಿಡಿದ. ಹಸಿ ಮಣ್ಣಿನ ಮೇಲೆ ಗಾಜಿನ ನೆರಳು ಬಿದ್ದಿತ್ತು.