ಟಿನ್ ಆರ್ಚರ್ಡ್ ತಂಡದ ಮುಗಿಯದ ಹಾಡು

ಕಥೆಯ ರಾಜನಿಗೆ ಏಳು ಮಂದಿ ರಾಣಿಯರಿರುವ ಹಾಗೆ, ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಒಂದಾನೊಂದು ಬ್ಯಾಂಡಿಗೆ ಏಳು ಮಂದಿ ಡ್ರಮ್ಮರುಗಳಿದ್ದರಂತೆ. ರಾಣಿಯರಾದರೂ ಒಂದೇ ಅರಮನೆಯಲ್ಲಿರುತ್ತಿದ್ದರು. ಇವರು ಒಬ್ಬ ಹೋದ ಮೇಲೆ ಇನ್ನೊಬ್ಬ. ಬ್ಯಾಂಡಿನ ಹೆಸರು ಟಿನ್ ಆರ್ಚರ್ಡ್. ಬಾಸ್ ಗಿಟಾರ್ ನುಡಿಸುವವರೂ ಹಾಗೆಯೇ ಬಂದರು, ಹೋದರು. ಒಬ್ಬ ಗುರುವನ್ನು ಹುಡುಕಿಕೊಂಡು ಹೋದ, ಒಬ್ಬ ದೊಡ್ಡ ಹೆಸರಿನ ಬ್ಯಾಂಡಿಗೆ ಹಾರಿದ, ಇನ್ನೊಬ್ಬ ವೇಲ್ಸ್‌ಗೆ ಹೋಗಿ ಕುರಿ ಸಾಕಿದ. ಅಲುಗದೆ ಉಳಿದವರು ಇಬ್ಬರೇ: ಹಾಡು ಕಟ್ಟುವ ರೂಪರ್ಟ್ ಆಶ್‌ಡೌನ್ ಮತ್ತು ಕೀಬೋರ್ಡಿನ ಲೆನರ್ಡ್ ಥ್ರಿಪ್.

ರೂಪರ್ಟ್ ಕಟ್ಟಿದ ಒಂದು ಉದ್ದನೆಯ ಹಾಡಿತ್ತು. ರೆಕಾರ್ಡಿನ ಒಂದು ಮಗ್ಗುಲನ್ನೆಲ್ಲ ನುಂಗುವಷ್ಟು ಉದ್ದ. ಅದು ಕೊನೆ ಮುಟ್ಟಿದ್ದನ್ನು ಯಾರೂ ಕೇಳಿರಲಿಲ್ಲ. ಬ್ಯಾಂಡು ಅದನ್ನು ಕಲಿತು ಮುಗಿಸುವ ಹೊತ್ತಿಗೆ ಯಾರಾದರೊಬ್ಬ ಗಂಟುಮೂಟೆ ಕಟ್ಟಿರುತ್ತಿದ್ದ.

ಈಗ ಗಂಟುಮೂಟೆ ಕಟ್ಟುವ ಸರದಿ ರೂಪರ್ಟನದೇ. ಕ್ಯಾನ್ಸರ್ ಅವನನ್ನು ಹಾಸಿಗೆಗೆ ಅಂಟಿಸಿತ್ತು. "ಒಂದೇ ಒಂದು ಸಲ ಕೊನೇತನಕ ಕೇಳಿಸ್ಬಿಡು ಕಣೋ, ಲೆನ್," ಎಂದಿದ್ದ. ಲೆನರ್ಡ್ ಅವನ ಕೈ ಹಿಡಿದು ಆಗಲಿ ಎಂದಿದ್ದ. ಭಾನುವಾರ ಮಧ್ಯಾಹ್ನ ವಾರ್ಡಿನ ಪಕ್ಕದ ಹಾಲ್‌ನಲ್ಲಿ ನುಡಿಸಲು ಆಸ್ಪತ್ರೆಯವರೂ ಒಪ್ಪಿದ್ದರು.

ಶನಿವಾರ ಬೆಳಗ್ಗೆ ಏಳನೆಯ ಡ್ರಮ್ಮರು ಫೋನ್ ಮಾಡಿದ. ಜರ್ಮನಿಗೆ ಹೊರಟಿದ್ದ ಯಾವುದೋ ಬ್ಯಾಂಡು ಅವನನ್ನು ಕರೆದಿತ್ತು. ಬಾಸ್‌ನವನನ್ನೂ ಜೊತೆಗೇ ಕರೆದುಕೊಂಡು ಹೊರಟಿದ್ದ.

ರೂಪರ್ಟನಿಗೆ ಇನ್ನೊಂದು ಭಾನುವಾರ ಸಿಗುತ್ತದೆಂದು ಡಾಕ್ಟರೂ ಹೇಳಿರಲಿಲ್ಲ. ಲೆನರ್ಡ್ ವೇಲ್ಸ್‌ನ ಕುರಿಯವನಿಗೆ, ಅಂದರೆ ಹಳೆಯ ಬಾಸ್‌ನವ ಗ್ಯಾರೆತ್ ಪ್ರೀಸ್‌ಗೆ, ಫೋನ್ ಮಾಡಿ ಗೋಗರೆದ. ಗ್ಯಾರೆತ್ ಬರುತ್ತೇನೆಂದ. ಉಳಿದದ್ದು ಡ್ರಮ್ಸ್. ಆ ಉದ್ದದ ಹಾಡು ಕೈಯಲ್ಲಿ ಕೂತಿದ್ದ ಡ್ರಮ್ಮರು ಹತ್ತಿರದಲ್ಲಿ ಒಬ್ಬನೇ ಇದ್ದ. ಅವನ ಮುಖ ನೋಡುವುದಕ್ಕೆ ಮಾತ್ರ ಲೆನರ್ಡನಿಗೆ ಮುಖವಿರಲಿಲ್ಲ.

ಕಾಲಿನ್ ಸ್ಟಬ್ಸ್ ತನ್ನ ಟೈರ್ ಅಂಗಡಿಯಲ್ಲಿ ಲಾರಿಯೊಂದರ ಕೆಳಗಿದ್ದ. ಲೆನರ್ಡನ ಬೂಟು ಕಂಡೇ ಗುರುತು ಹಿಡಿದ.

"ಏನ್ ಸಾಹೇಬ್ರು ಈ ಕಡೆ? ವ್ಯಾನ್ ಪಂಕ್ಚರ್ ಆಯ್ತಾ?"

"ಕಾಲಿನ್, ನೀನು ಬರ್ಬೇಕು ಮಾರಾಯ. ನಾಳೆ ಆಸ್ಪತ್ರೇಲಿ ರೂಪರ್ಟ್ ಮುಂದೆ ಆ ಹಾಡು ನುಡಿಸ್ಬೇಕು."

"ನಿಮ್ಗೆಲ್ಲ ಮೀನು-ಚಿಪ್ಸ್ ತರೋಕೆ ಹೋದೋನು ನಾನು. ಪೊಟ್ಟಣ ಹಿಡ್ಕೊಂಡು ವಾಪಸ್ ಬಂದ್ರೆ ವ್ಯಾನೇ ಇಲ್ಲ! ಬ್ಯಾಂಡಿಂದ ತೆಗ್ದಿದೀವಿ ಅನ್ನೋಕೂ ಬಾಯಿರ್ಲಿಲ್ವಲ್ಲೋ ನಿಂಗೆ. ಅಷ್ಟೂ ಮೀನು ಒಬ್ನೇ ತಿಂದೆ ಕಣೋ, ಅಳ್ತಾ ಅಳ್ತಾ."

"ತಪ್ಪಾಯ್ತು. ಕಾಲು ಬೇಕಾದ್ರೂ ಹಿಡೀತೀನಿ."

"ಗ್ರೀಸ್ ಆಗುತ್ತೆ, ಬಿಡು." ಕಾಲಿನ್ ಲಾರಿಯಡಿಯಿಂದ ಹೊರಗೆ ಜಾರಿದ. ಬಹಳ ಹೊತ್ತು ಕೈ ಒರೆಸುತ್ತ ನಿಂತ. "ಅಷ್ಟು ಸೀರಿಯಸ್ಸಾಗಿದಾನಾ ಅವ್ನು?"

ಲೆನರ್ಡ್ ಹೌದೆಂದು ತಲೆಯಾಡಿಸಿದ.

ಭಾನುವಾರ ಮಧ್ಯಾಹ್ನ, ಸದ್ದು ತಗ್ಗಲೆಂದು ಡ್ರಮ್ಸ್ ಮೇಲೆ ಆಸ್ಪತ್ರೆಯ ಟವೆಲ್ ಹೊದೆಸಿ ಮೂವರೂ ಕೂತರು. ಸಿಸ್ಟರ್ ಮರ್ಲೀನ್ ರೂಪರ್ಟನನ್ನು ಮಂಚದ ಸಮೇತ ತಳ್ಳಿಕೊಂಡು ಬಂದರು. ಅವನ ಮುಖದಲ್ಲಿ ಉಳಿದಿದ್ದದ್ದು ಕಣ್ಣುಗಳಷ್ಟೇ. ಕಾಲಿನ್‌ನನ್ನು ಕಂಡು ಆ ಕಣ್ಣುಗಳು ನಕ್ಕವು.

ಮೊದಲ ಭಾಗ ಸಲೀಸಾಗಿ ಸಾಗಿತು. ಎರಡನೆಯದಕ್ಕೆ ಬಂದಾಗ ಎಲ್ಲ ಕಲಸಿಹೋಯಿತು. ಕಾಲಿನ್ ಹದಿಮೂರು ಪೆಟ್ಟು ಎಣಿಸಿ ಮುಂದಿನ ಸಾಲಿಗೆ ತಿರುಗಿದರೆ, ಗ್ಯಾರೆತ್ ಹನ್ನೊಂದಕ್ಕೇ ತಿರುಗಿದ. ಲೆನರ್ಡ್ ಇನ್ನೆಲ್ಲೋ ಇದ್ದ.

"ಕುರಿ ಎಣ್ಸಿ ಎಣ್ಸಿ ಲೆಕ್ಕ ಮರ್ತ್ಯಾ?" ಎಂದು ಕಾಲಿನ್ ರೇಗಿದ.

"ನಾನಿದ್ದಾಗ ಇದು ಹನ್ನೊಂದೇ ಇತ್ತು. ಬೇಕಾದ್ರೆ ಲೆನ್‌ನ ಕೇಳು."

ಇಬ್ಬರದೂ ನಿಜವೇ. ಹೊಸಬನೊಬ್ಬ ಬಂದಾಗಲೆಲ್ಲ ಅವನ ಕೈಗೆ ಒಗ್ಗುವಂತೆ ಹಾಡನ್ನು ಕತ್ತರಿಸಿ, ಹಿಗ್ಗಿಸಿ ತೇಪೆ ಹಾಕಿದವನು ಲೆನರ್ಡೇ. ಮೂವರಿಗೂ ಹಾಡು ಬರುತ್ತಿತ್ತು. ಆದರೆ ಮೂವರದೂ ಬೇರೆ ಬೇರೆ ಹಾಡು. ಎರಡನೆಯ ಸಲವೂ ಅದೇ ಜಾಗದಲ್ಲಿ ಮುಗ್ಗರಿಸಿದರು, ಮೂರನೆಯ ಸಲವೂ. ರೂಪರ್ಟನ ಕಣ್ಣುಗಳು ಮುಚ್ಚಿಕೊಂಡವು. ಲೆನರ್ಡ್ ಕೀಬೋರ್ಡಿನ ಮೇಲೆ ಹಣೆ ಇಟ್ಟ. ಹಾಲ್ ತುಂಬ ಅಪಸ್ವರವೊಂದು ಮೊರೆಯಿತು.

ಆಗ ಟಣ್ ಎಂಬ ಸದ್ದು. ರೂಪರ್ಟ್ ತನ್ನ ಉಂಗುರದ ಬೆರಳಿನಿಂದ ಮಂಚದ ಕಬ್ಬಿಣಕ್ಕೆ ಬಡಿಯುತ್ತಿದ್ದ. ಟಣ್, ಟಣ್. ಅದು ಹದಿಮೂರೂ ಅಲ್ಲ, ಹನ್ನೊಂದೂ ಅಲ್ಲ. ಸರಳವಾದ ಏಳು.

"ಅಯ್ಯೋ, ಮೊದ್ಲು ಹೀಗಿತ್ತಾ ಇದು?" ಎಂದ ಕಾಲಿನ್ ಮೆಲ್ಲಗೆ.

ಯಾರೂ ಯಾರನ್ನೂ ನೋಡಲಿಲ್ಲ. ಆ ಬೆರಳನ್ನೇ ನೋಡುತ್ತ ನುಡಿಸಿದರು. ಎರಡನೆಯ ಭಾಗ ದಾಟಿತು, ಮೂರನೆಯದೂ ದಾಟಿತು. ಕೊನೆಯ ಭಾಗದ ಬಾಗಿಲಲ್ಲಿ ಬೆರಳು ನಿಂತುಹೋಯಿತು.

ಸಿಸ್ಟರ್ ಬಗ್ಗಿ ನಾಡಿ ಹಿಡಿದರು. "ಇದ್ದಾರೆ. ಬೇಗ ಮುಗಿಸ್ರಪ್ಪ!"

"ಇದು ನಿಧಾನದ ಭಾಗ ಸಿಸ್ಟರ್," ಎಂದ ಲೆನರ್ಡ್. "ಬೇಗ ಮುಗ್ಸೋಕೆ ಬರಲ್ಲ."

ನಿಧಾನಕ್ಕೇ ನುಡಿಸಿದರು. ಒಂದೊಂದು ಸ್ವರ ಬಿಡುವಾಗಲೂ ಲೆನರ್ಡ್ ಆ ಎದೆಯ ಮೇಲಿನ ಹೊದಿಕೆ ಏಳುತ್ತದೆಯೇ ಎಂದು ನೋಡುತ್ತಿದ್ದ. ಎದ್ದಿತು. ಇಳಿಯಿತು. ಬಹಳ ತಡೆದು ಮತ್ತೆ ಎದ್ದಿತು. ಓಡಿಬಿಡೋಣವೆಂದು ಬೆರಳುಗಳು ಒದ್ದಾಡಿದವು. ಲೆನರ್ಡ್ ಅವನ್ನು ಓಡಲು ಬಿಡಲಿಲ್ಲ. ಗ್ಯಾರೆತ್‌ನ ಗಡ್ಡವೆಲ್ಲ ಒದ್ದೆಯಾಗಿತ್ತು. ಕೊನೆಯ ಸ್ವರ ತೆಳ್ಳಗಾಗಿ, ಇನ್ನೂ ತೆಳ್ಳಗಾಗಿ, ಇದೆಯೋ ಇಲ್ಲವೋ ಎಂಬಂತಾಯಿತು. ಆಮೇಲೆ ನಿಜಕ್ಕೂ ಇಲ್ಲವಾಯಿತು.

ರೂಪರ್ಟ್ ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲುಗಿತು.

"ಮುಗೀತಾ?"

"ಮುಗೀತು ಕಣೋ," ಎಂದ ಲೆನರ್ಡ್.